ಕೆಂಪು ಇಳಿದರೆ ಸಾಲದು: ಕಣ್ಣಿನೊಳಗಿನ ಉರಿಯೂತದ ಕಾರಣ, ಪತ್ತೆ ಮತ್ತು ಚಿಕಿತ್ಸೆ

2023ರ ಮಳೆಗಾಲದಲ್ಲಿ ರಾಜ್ಯದ ಉದ್ದಗಲಕ್ಕೂ ಮದ್ರಾಸ್ ಐ ಹಬ್ಬಿದ್ದು ಎಲ್ಲರಿಗೂ ನೆನಪಿರುತ್ತದೆ. ಕಣ್ಣು ಕೆಂಪಾದ ಮಕ್ಕಳು ಶಾಲೆ ಬಿಟ್ಟು ಮನೆಯಲ್ಲಿ ಉಳಿದರು, ದೊಡ್ಡವರು ಕಪ್ಪು ಕನ್ನಡಕ ಹಾಕಿಕೊಂಡು ಓಡಾಡಿದರು, ಬಹುತೇಕರಿಗೆ ವಾರ ಹತ್ತು ದಿನಗಳಲ್ಲಿ ಅದು ತಾನಾಗಿಯೇ ವಾಸಿಯಾಯಿತು. ಅದು ವೈರಸ್‌ನಿಂದ ಬರುವ ಬೇನೆಯಾದ್ದರಿಂದ ಡ್ರಾಪ್ಸ್ ಹಾಕಿದವರಿಗೂ ಹಾಕದವರಿಗೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಗುಣವಾಗುತ್ತದೆ. ಇಂಥ ಅನುಭವಗಳಿಂದ ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ಒಂದು ಲೆಕ್ಕ ಕೂತುಬಿಟ್ಟಿದೆ. ಕಣ್ಣು ಕೆಂಪಾದರೆ ಅದು ಮದ್ರಾಸ್ ಐ, ಇಲ್ಲದಿದ್ದರೆ ಉಷ್ಣ. ಮೊದಲು ನಂದಿಬಟ್ಟಲು ಹೂವಿನ ರಸವನ್ನೋ ಎದೆಹಾಲನ್ನೋ ಬಿಡುವುದು, ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ಡ್ರಾಪ್ಸ್ ತರುವುದು. ಈ ಲೆಕ್ಕ ಬಹಳಷ್ಟು ಸಲ ಸರಿಹೋಗುತ್ತದೆ, ಅದರ ಅಪಾಯವಿರುವುದೂ ಅಲ್ಲಿಯೇ. ಸರಿಹೋಗದ ಆ ಕೆಲವು ಸಲ ಕಣ್ಣಿನ ಒಳಗೆ ಬೇರೊಂದು ಕಾಯಿಲೆ ನಡೆಯುತ್ತಿರುತ್ತದೆ ಮತ್ತು ಕೈಗೆ ಸಿಕ್ಕ ಡ್ರಾಪ್ಸ್ ಅದರ ಗುರುತನ್ನೇ ಅಳಿಸಿಹಾಕುತ್ತದೆ.

ಆ ಕಾಯಿಲೆಗಳಲ್ಲಿ ಮುಖ್ಯವಾದುದು ಯುವಿಯೈಟಿಸ್, ಅಂದರೆ ಯುವಿಯ ಎಂಬ ಪದರದ ಉರಿಯೂತ. ಕಣ್ಣುಗುಡ್ಡೆಯ ಗೋಡೆಗೆ ಮೂರು ಪದರಗಳಿವೆ. ಹೊರಗೆ ಗಟ್ಟಿಯಾದ ಬಿಳಿಯ ಪದರ, ಒಳಗೆ ಬೆಳಕನ್ನು ಗ್ರಹಿಸುವ ಅಕ್ಷಿಪಟಲ, ಇವೆರಡರ ನಡುವೆ ರಕ್ತನಾಳಗಳು ಹೆಣೆದುಕೊಂಡಿರುವ ಯುವಿಯ. ಲ್ಯಾಟಿನ್ ಭಾಷೆಯಲ್ಲಿ ದ್ರಾಕ್ಷಿಗೆ ಇರುವ ಹೆಸರಿನಿಂದ ಈ ಪದ ಬಂದಿದೆ. ಬಿಳಿ ಪದರವನ್ನು ಸುಲಿದರೆ ಅದು ಕಪ್ಪು ದ್ರಾಕ್ಷಿಯಂತೆಯೇ ಕಾಣುತ್ತದೆ. ಯುವಿಯದ ಮುಂಭಾಗವೇ ನಮಗೆ ಹೊರಗಿನಿಂದ ಕಾಣುವ, ಕಣ್ಣಿಗೆ ಬಣ್ಣ ಕೊಡುವ ಐರಿಸ್. ಅದರ ಬೆನ್ನಿಗೆ ಕಣ್ಣೊಳಗಿನ ದ್ರವವನ್ನು ಉತ್ಪಾದಿಸುವ ಭಾಗವಿದೆ, ಇನ್ನೂ ಹಿಂದೆ ಅಕ್ಷಿಪಟಲಕ್ಕೆ ರಕ್ತ ಒದಗಿಸುವ ಕೋರಾಯ್ಡ್ ಇದೆ. ಉರಿಯೂತ ಇವುಗಳಲ್ಲಿ ಎಲ್ಲಿ ಎದ್ದಿದೆ ಎಂಬುದರ ಮೇಲೆ ಮುಂಭಾಗದ್ದು, ನಡುವಿನದು, ಹಿಂಭಾಗದ್ದು, ಇಡೀ ಕಣ್ಣಿನದು ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಹೆಚ್ಚಾಗಿ ಕಾಣಿಸುವುದು ಮುಂಭಾಗದ್ದು. ನೋವಿಲ್ಲದೆ ಹೆಚ್ಚು ಹಾನಿ ಮಾಡುವುದು ಹಿಂಭಾಗದ್ದು. ಅಲ್ಲಿ ಕಣ್ಣು ಕೆಂಪಾಗದೆಯೂ ಇರಬಹುದು, ದೃಷ್ಟಿ ಮಸುಕಾಗುವುದು ಮತ್ತು ಕಣ್ಣೆದುರು ಸೊಳ್ಳೆ ಹಾರಿದಂತಾಗುವುದು, ಇವಷ್ಟೇ ಸುಳಿವು.

ಮದ್ರಾಸ್ ಐಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮನೆಯವರೇ ಒಂದು ಮಟ್ಟಿಗೆ ಗಮನಿಸಬಹುದು. ಮದ್ರಾಸ್ ಐಯಲ್ಲಿ ಕಣ್ಣು ಚುಚ್ಚುತ್ತದೆ, ಗೀಜು ಕಟ್ಟಿ ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುತ್ತದೆ, ಒಂದು ಕಣ್ಣಿನಿಂದ ಇನ್ನೊಂದಕ್ಕೆ, ಒಬ್ಬರಿಂದ ಮನೆಯವರಿಗೆಲ್ಲ ಹರಡುತ್ತದೆ, ಆದರೆ ಗೀಜು ಒರೆಸಿದ ಮೇಲೆ ದೃಷ್ಟಿ ಸಾಮಾನ್ಯವಾಗಿ ತಿಳಿಯಾಗಿಯೇ ಇರುತ್ತದೆ. ಮುಂಭಾಗದ ಯುವಿಯೈಟಿಸ್ ಸಾಮಾನ್ಯವಾಗಿ ಒಂದೇ ಕಣ್ಣಿಗೆ ಬರುತ್ತದೆ. ಗೀಜು ಇರುವುದಿಲ್ಲ, ನೀರು ಬರಬಹುದು. ನೋವು ಒಳಗಿನಿಂದ ಹಿಂಡಿದಂತಿರುತ್ತದೆ, ದೃಷ್ಟಿ ಮಬ್ಬಾಗುತ್ತದೆ, ಬೆಳಕು ಸಹಿಸಲಾಗುವುದಿಲ್ಲ. ಕೆಂಪು ಕೂಡ ಬಿಳಿಗುಡ್ಡೆಯ ತುಂಬ ಹರಡಿಕೊಳ್ಳದೆ ಕಪ್ಪುಗುಡ್ಡೆಯ ಸುತ್ತ ಉಂಗುರದಂತೆ ಕಟ್ಟಿಕೊಂಡಿರುತ್ತದೆ. ಇನ್ನೊಂದು ಸೂಕ್ಷ್ಮವಿದೆ: ನೋವಿಲ್ಲದ ಕಣ್ಣಿಗೆ ಟಾರ್ಚ್ ಬಿಟ್ಟರೂ ನೋವಿರುವ ಕಣ್ಣು ನೋಯುತ್ತದೆ, ಏಕೆಂದರೆ ಒಂದು ಕಣ್ಣಿಗೆ ಬೆಳಕು ಬಿದ್ದರೆ ಎರಡೂ ಐರಿಸ್‌ಗಳು ಒಟ್ಟಿಗೇ ಕುಗ್ಗುತ್ತವೆ. ಇವು ಅನುಮಾನಕ್ಕೆ ಸಾಕಾಗುವ ಲಕ್ಷಣಗಳೇ ಹೊರತು ನಿರ್ಧಾರಕ್ಕೆ ಸಾಕಾಗುವುದಿಲ್ಲ. ನಿರ್ಧಾರ ಆಗಬೇಕಾದದ್ದು ಸ್ಲಿಟ್ ಲ್ಯಾಂಪ್ ಎಂಬ ಉಪಕರಣದ ಮುಂದೆ ಗದ್ದ ಊರಿ ಕುಳಿತಾಗ.

ಆರೋಗ್ಯವಾಗಿರುವ ಕಣ್ಣಿನ ಮುಂಭಾಗದ ದ್ರವ ಶುದ್ಧ ತಿಳಿನೀರು. ರಕ್ತದಲ್ಲಿರುವ ಪ್ರೋಟೀನುಗಳೂ ಬಿಳಿ ರಕ್ತಕಣಗಳೂ ಅದರೊಳಕ್ಕೆ ನುಗ್ಗದಂತೆ ರಕ್ತನಾಳಗಳ ಗೋಡೆಯೇ ತಡೆ ಹಾಕಿರುತ್ತದೆ. ಉರಿಯೂತವಾದಾಗ ಆ ತಡೆ ಸಡಿಲವಾಗುತ್ತದೆ. ಹಳೆಯ ಹೆಂಚಿನ ಮನೆಯ ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿನಲ್ಲಿ ದೂಳಿನ ಕಣಗಳು ತೇಲುವುದು ಕಾಣುತ್ತದಲ್ಲ, ಸ್ಲಿಟ್ ಲ್ಯಾಂಪಿನ ಸಣ್ಣ ಬೆಳಕಿನ ಪಟ್ಟಿಯಲ್ಲಿ ವೈದ್ಯರಿಗೆ ಕಾಣುವ ನೋಟ ಸರಿಯಾಗಿ ಅದೇ. ಒಂದು ಮಿಲಿಮೀಟರ್ ಉದ್ದ, ಒಂದು ಮಿಲಿಮೀಟರ್ ಅಗಲದ ಬೆಳಕಿನಲ್ಲಿ ತೇಲುವ ಕಣಗಳನ್ನು ಅವರು ಎಣಿಸುತ್ತಾರೆ. 2005ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಒಪ್ಪಿಕೊಂಡ ಅಳತೆಯ ಪ್ರಕಾರ 6ರಿಂದ 15 ಕಣಗಳಿದ್ದರೆ ಒಂದನೆಯ ದರ್ಜೆ, 16ರಿಂದ 25 ಇದ್ದರೆ ಎರಡನೆಯದು, 26ರಿಂದ 50 ಇದ್ದರೆ ಮೂರನೆಯದು, 50ಕ್ಕಿಂತ ಹೆಚ್ಚಾದರೆ ನಾಲ್ಕನೆಯದು. ಕಾಯಿಲೆ ಅಡಗಿದೆ ಎಂದು ಹೇಳಬೇಕಾದರೆ ಒಂದು ಕಣವೂ ಕಾಣಬಾರದು. ಬಿಳಿಗುಡ್ಡೆಯ ಕೆಂಪಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಕನ್ನಡಿಯಲ್ಲಿ ಕಣ್ಣು ಬೆಳ್ಳಗಾಗಿ ಕಂಡ ದಿನವೂ ಒಳಗೆ ಹತ್ತಾರು ಕಣಗಳು ತೇಲುತ್ತಿರಬಹುದು.

ಉರಿಯೂತ ಏಕೆ ಎದ್ದಿತು ಎಂಬುದು ಮುಂದಿನ ಪ್ರಶ್ನೆ ಮತ್ತು ಅದೇ ಕಷ್ಟದ ಪ್ರಶ್ನೆ. ಸ್ಥೂಲವಾಗಿ ಎರಡು ದಾರಿಗಳಿವೆ. ಒಂದೋ ರೋಗಾಣು ಕಣ್ಣನ್ನು ಹೊಕ್ಕಿದೆ, ಇಲ್ಲವೇ ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ತನ್ನದೇ ಅಂಗಾಂಶದ ಮೇಲೆ ತಿರುಗಿಬಿದ್ದಿದೆ. ಮೊದಲನೆಯದಕ್ಕೆ ರೋಗಾಣುವನ್ನು ಕೊಲ್ಲುವ ಔಷಧ ಬೇಕು, ಎರಡನೆಯದಕ್ಕೆ ರಕ್ಷಣಾ ವ್ಯವಸ್ಥೆಯನ್ನು ಅದುಮುವ ಔಷಧ ಬೇಕು. ಇವೆರಡನ್ನು ಅದಲುಬದಲು ಮಾಡಿದರೆ ಕಣ್ಣು ಹೋಗುತ್ತದೆ.

ರೋಗಾಣುಗಳ ಪೈಕಿ ಮಂಡ್ಯದ ಓದುಗರು ಮೊದಲು ತಿಳಿಯಬೇಕಾದದ್ದು ಇಲಿ ಜ್ವರದ ಲೆಪ್ಟೊಸ್ಪೈರಾ. ಇಲಿ, ಹೆಗ್ಗಣ, ದನಕರುಗಳ ಮೂತ್ರದ ಮೂಲಕ ಇದು ನಿಂತ ನೀರಿಗೆ, ಕೆಸರಿಗೆ ಸೇರುತ್ತದೆ. ಬರಿಗಾಲಿನಲ್ಲಿ ಗದ್ದೆಗೆ ಇಳಿದವರ ಕಾಲಿನ ಒಡಕಿನ ಮೂಲಕ, ಗಾಯದ ಮೂಲಕ ಮೈಯೊಳಗೆ ಹೋಗುತ್ತದೆ. ಹಿಂದೆ ಇರ್ವಿನ್ ನಾಲೆ ಎಂದು ಕರೆಯುತ್ತಿದ್ದ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತ, ಕಬ್ಬು, ಕೊಟ್ಟಿಗೆ ಮೂರೂ ಒಂದಕ್ಕೊಂದು ತಾಗಿಕೊಂಡೇ ಇವೆ. ಜಗತ್ತಿನ ಬೇರೆ ಬೇರೆ ಕಡೆ ಈ ಜ್ವರಕ್ಕೆ ಭತ್ತದ ಗದ್ದೆಯ ಜ್ವರ, ಕಬ್ಬು ಕಡಿಯುವವರ ಜ್ವರ ಎಂಬ ಹೆಸರುಗಳಿದ್ದದ್ದು ಸುಮ್ಮನೆ ಅಲ್ಲ. ಜ್ವರ, ಮೀನಖಂಡದ ನೋವು, ತಲೆನೋವು ಬಂದು ಹೋದ ಎಷ್ಟೋ ವಾರಗಳ, ಕೆಲವೊಮ್ಮೆ ತಿಂಗಳುಗಳ ನಂತರ ಕಣ್ಣಿನ ಉರಿಯೂತ ಕಾಣಿಸುತ್ತದೆ. ಹಾಗಾಗಿ ರೋಗಿ ಆ ಜ್ವರದ ಸುದ್ದಿಯನ್ನು ವೈದ್ಯರ ಬಳಿ ಎತ್ತುವುದೇ ಇಲ್ಲ, ವೈದ್ಯರು ಕೇಳದಿದ್ದರೆ ಎಳೆ ಅಲ್ಲಿಗೇ ಕಡಿದುಹೋಗುತ್ತದೆ. 1993ರಲ್ಲಿ ಭಾರಿ ಮಳೆಯಾಗಿ ಪ್ರವಾಹ ಬಂದ ಮೇಲೆ ತಮಿಳುನಾಡಿನ ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಗೆ ಯುವಿಯೈಟಿಸ್ ರೋಗಿಗಳು ಎಂದಿಲ್ಲದಷ್ಟು ಬರತೊಡಗಿದಾಗ ಅಲ್ಲಿಯ ವೈದ್ಯರು ಬೆನ್ನುಹತ್ತಿ ಹುಡುಕಿ ಲೆಪ್ಟೊಸ್ಪೈರಾವನ್ನು ಪತ್ತೆಹಚ್ಚಿದರು. ದಕ್ಷಿಣ ಭಾರತದ ವೈದ್ಯರು ಈ ಕಾಯಿಲೆಯನ್ನು ನೋಡುವ ಬಗೆಯೇ ಅಲ್ಲಿಂದ ಬದಲಾಯಿತು. ಗದ್ದೆ ಕೆಲಸದವರ ಕಣ್ಣಿನಲ್ಲಿ ಉರಿಯೂತ ಕಂಡಾಗ ಹಿಂದಿನ ಆರು ತಿಂಗಳ ಜ್ವರದ ಬಗ್ಗೆ ಕೇಳುವುದು ದುಡ್ಡಿಲ್ಲದೆ ಆಗುವ ಪರೀಕ್ಷೆ. ಸಮಾಧಾನದ ಸಂಗತಿಯೆಂದರೆ, ಸಕಾಲಕ್ಕೆ ಗುರುತಿಸಿದರೆ ಈ ಬಗೆಯ ಯುವಿಯೈಟಿಸ್ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ.

ಎರಡನೆಯದು ಕ್ಷಯ. ಮೈಸೂರಿನ ಕೆ.ಆರ್.ಎಸ್. ರಸ್ತೆಯ ಸ್ಯಾನಿಟೋರಿಯಂಗೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿಯಾದ ಅವರು ತೀರಿಕೊಂಡದ್ದು ಕ್ಷಯದಿಂದಲೇ. ಅರಮನೆಯನ್ನೂ ಬಿಡದ ಕಾಯಿಲೆ ಎಂದು ನಮ್ಮ ಕಡೆ ಇದನ್ನು ಬಲ್ಲೆವು, ಆದರೆ ಅದು ಶ್ವಾಸಕೋಶದ್ದು ಎಂದಷ್ಟೇ ಬಲ್ಲೆವು. ಕ್ಷಯ ಕಣ್ಣಿಗೂ ಬರುತ್ತದೆ, ಕೆಮ್ಮು ಕಫ ಒಂದೂ ಇಲ್ಲದೆ ಬರುತ್ತದೆ. ಕೋರಾಯ್ಡ್‌ನಲ್ಲಿ ಹಾವಿನಂತೆ ಹರಿದುಕೊಂಡು ಹೋಗುವ ಕಲೆಗಳಾಗಿ, ಅಕ್ಷಿಪಟಲದ ರಕ್ತನಾಳಗಳ ಉರಿಯೂತವಾಗಿ ಅದು ತೋರಿಕೊಳ್ಳಬಹುದು. ತೊಡಕಿರುವುದು ಪತ್ತೆಯಲ್ಲಿ. ಕಣ್ಣಿನಿಂದ ರೋಗಾಣುವನ್ನು ತೆಗೆದು ತೋರಿಸುವುದು ಬಹಳ ಅಪರೂಪ, ಆದ್ದರಿಂದ ಚರ್ಮದ ಮಾಂಟೂ ಪರೀಕ್ಷೆ, ರಕ್ತದ ಇಗ್ರಾ ಪರೀಕ್ಷೆ, ಎದೆಯ ಎಕ್ಸ್‌ರೇ ಅಥವಾ ಸಿ.ಟಿ. ಸ್ಕ್ಯಾನ್‌ಗಳನ್ನೇ ನೆಚ್ಚಿಕೊಳ್ಳಬೇಕು. 2019–21ರ ರಾಷ್ಟ್ರೀಯ ಕ್ಷಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದವರಲ್ಲಿ ಸುಮಾರು ಶೇ. 31ರಷ್ಟು ಜನರ ದೇಹದಲ್ಲಿ ಕ್ಷಯದ ಸೋಂಕು ಅಡಗಿ ಕುಳಿತಿದೆ. ಅವರಲ್ಲಿ ಬಹುಪಾಲು ಜನರಿಗೆ ಜೀವಮಾನದಲ್ಲಿ ಕಾಯಿಲೆಯೇ ಬರುವುದಿಲ್ಲ, ಆದರೆ ಮಾಂಟೂ ಮಾತ್ರ ಉಬ್ಬುತ್ತದೆ. ಅಂದರೆ ಬೇರೆ ಯಾವುದೋ ಕಾರಣಕ್ಕೆ ಕಣ್ಣು ಉರಿಯೂತಗೊಂಡ ಮೂವರಲ್ಲಿ ಒಬ್ಬರಿಗೆ ಕ್ಷಯದ ಪರೀಕ್ಷೆ ಪಾಸಿಟಿವ್ ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಹಾಗೆಂದು ಅಸಡ್ಡೆ ಮಾಡುವಂತೆಯೂ ಇಲ್ಲ. ಕಣ್ಣಿನೊಳಗಿನ ಕಲೆಯ ಸ್ವರೂಪ ಕ್ಷಯಕ್ಕೆ ಹೊಂದುವಂತಿದ್ದು, ಪರೀಕ್ಷೆಗಳೂ ಅದರ ಕಡೆಗೇ ಬೆರಳು ಮಾಡಿದಾಗ ನಾಲ್ಕು ಔಷಧಗಳ ಕ್ಷಯ ಚಿಕಿತ್ಸೆಯನ್ನು ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ. ಆ ನಾಲ್ಕರಲ್ಲಿ ಒಂದಾದ ಇಥಾಂಬ್ಯುಟಾಲ್ ಕಣ್ಣಿನ ನರಕ್ಕೇ ತೊಂದರೆ ಕೊಡಬಲ್ಲದು, ಹೀಗಾಗಿ ಔಷಧ ನಡೆಯುತ್ತಿರುವಾಗ ಬಣ್ಣ ಗುರುತಿಸುವ ಶಕ್ತಿ ಕುಂದುತ್ತಿದೆಯೇ ಎಂದು ನೋಡುತ್ತಿರಬೇಕು. ಒಂದು ಲ್ಯಾಬ್ ಚೀಟಿ ಹಿಡಿದುಕೊಂಡು ತೆಗೆದುಕೊಳ್ಳುವ ತೀರ್ಮಾನ ಇದಲ್ಲ.

ರೋಗಾಣುವಿಲ್ಲದ ಬಗೆಯಲ್ಲಿ ಎಲ್ಲಕ್ಕಿಂತ ಪರಿಚಿತವಾದುದು ಎಚ್‌ಎಲ್‌ಎ–ಬಿ27 ಎಂಬ ವಂಶವಾಹಿಯ ಜೊತೆ ಬರುವಂಥದ್ದು. ಈ ವಂಶವಾಹಿಗೂ ಬೆನ್ನಿನ ಮೂಳೆಗಳು ಬೆಸೆದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ವಾತರೋಗಕ್ಕೂ ನಂಟಿದೆ ಎಂದು 1973ರಲ್ಲೇ ಗೊತ್ತಾಯಿತು. ಇಪ್ಪತ್ತು ಮೂವತ್ತರ ಗಂಡಸರಲ್ಲಿ ಇದು ಹೆಚ್ಚು. ಒಂದು ಕಣ್ಣು ಥಟ್ಟನೆ ಕೆಂಪಾಗಿ ನೋಯುತ್ತದೆ, ಚಿಕಿತ್ಸೆಗೆ ಅಡಗುತ್ತದೆ, ವರ್ಷದೊಳಗೋ ಎರಡು ವರ್ಷಕ್ಕೋ ಅದೇ ಕಣ್ಣಿಗೆ ಅಥವಾ ಇನ್ನೊಂದಕ್ಕೆ ಮತ್ತೆ ಬರುತ್ತದೆ. ಕೇಳಿದರೆ ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿರುತ್ತದೆ, ಅರ್ಧ ಗಂಟೆ ಓಡಾಡಿದ ಮೇಲೆ ಸಡಿಲವಾಗುತ್ತದೆ ಎನ್ನುತ್ತಾರೆ. ಆಲೆಮನೆಯಲ್ಲಿ ದುಡಿಯುವವನಾಗಲಿ, ಮೈಸೂರಿನ ಐಟಿ ಕಂಪನಿಯಲ್ಲಿ ಕೂರುವವನಾಗಲಿ ಇದನ್ನು ಕೆಲಸದ ಸೊಂಟನೋವು ಎಂದೇ ತಿಳಿದಿರುತ್ತಾನೆ. ಆದರೆ ಕೆಲಸದಿಂದ ಬಂದ ನೋವು ವಿಶ್ರಾಂತಿಗೆ ಇಳಿಯಬೇಕು, ಇದು ವಿಶ್ರಾಂತಿಗೇ ಏರುತ್ತದೆ. ಐರ್ಲೆಂಡಿನ ಡಬ್ಲಿನ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಾರಣ ಗೊತ್ತಿಲ್ಲದ ಮುಂಭಾಗದ ಯುವಿಯೈಟಿಸ್ ಎಂದು ಬಂದವರಲ್ಲಿ ಸುಮಾರು ಶೇ. 40ರಷ್ಟು ಜನರಿಗೆ ಈ ಜಾತಿಯ ವಾತರೋಗ ಅದುವರೆಗೆ ಪತ್ತೆಯಾಗದೆ ಉಳಿದಿತ್ತು. ಕಣ್ಣಿನ ವೈದ್ಯರು ಕೇಳಿದ ಸೊಂಟದ ಪ್ರಶ್ನೆ ಒಬ್ಬ ಯುವಕನ ಬೆನ್ನನ್ನು ಉಳಿಸಬಲ್ಲದು.

ಉಳಿದ ಕಾರಣಗಳ ಪಟ್ಟಿ ದೊಡ್ಡದು. ಹರ್ಪಿಸ್ ವೈರಸ್, ಬೆಕ್ಕಿನ ಮಲದಿಂದ ಅಥವಾ ಸರಿಯಾಗಿ ಬೇಯದ ಮಾಂಸದಿಂದ ಬರುವ ಟಾಕ್ಸೊಪ್ಲಾಸ್ಮಾ, ಸಿಫಿಲಿಸ್ ಇವೆಲ್ಲ ಅದರಲ್ಲಿವೆ. ಹಳ್ಳಿಯ ಕೆರೆಕಟ್ಟೆಗಳಲ್ಲಿ ಈಜುವ ಮಕ್ಕಳ ಕಣ್ಣಿನಲ್ಲಿ ಬಿಳಿಯ ಗಂಟು ಕಟ್ಟಿಸುವ ಚಪ್ಪಟೆ ಹುಳುವಿನ ಸೋಂಕನ್ನೂ ಮಧುರೆಯ ವೈದ್ಯರೇ ವಿವರಿಸಿದ್ದಾರೆ. ನಮ್ಮ ಜನರಲ್ಲಿ ಕಾಣುವ ವೋಗ್ಟ್–ಕೊಯನಾಗಿ–ಹರಾಡ ಎಂಬ ಕಾಯಿಲೆಯಲ್ಲಿ ರಕ್ಷಣಾ ವ್ಯವಸ್ಥೆ ಬಣ್ಣದ ಕೋಶಗಳ ಮೇಲೆಯೇ ಎರಗುತ್ತದೆ. ಮೊದಲು ತಲೆನೋವು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಆಮೇಲೆ ಎರಡೂ ಕಣ್ಣು ಮಸುಕು, ತಿಂಗಳುಗಳ ನಂತರ ರೆಪ್ಪೆಗೂದಲು ಬೆಳ್ಳಗಾಗುವುದು, ಚರ್ಮದಲ್ಲಿ ತೊನ್ನು. ಕಿವಿಯ ಸದ್ದಿಗೆಂದು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋದವರು ಕಣ್ಣಿನ ಮಸುಕನ್ನೂ ಅಲ್ಲಿ ಹೇಳಿಕೊಳ್ಳುವುದು ಒಳ್ಳೆಯದು. ಒಂದು ಕಣ್ಣಿಗೆ ಆಳವಾದ ಗಾಯವಾದ ಮೇಲೆ ಗಾಯವಿಲ್ಲದ ಇನ್ನೊಂದು ಕಣ್ಣೂ ಉರಿಯೂತಗೊಳ್ಳುವ ವಿಚಿತ್ರ ಸ್ಥಿತಿಯೂ ಇದೆ. ಮೂರನೆಯ ವಯಸ್ಸಿನಲ್ಲಿ ತಂದೆಯ ಕೆಲಸದ ಕೊಠಡಿಯ ದಬ್ಬಳ ಚುಚ್ಚಿಕೊಂಡ ಲೂಯಿ ಬ್ರೈಲ್ ಎರಡೂ ಕಣ್ಣು ಕಳೆದುಕೊಂಡದ್ದು ಹೀಗೆಯೇ ಎಂದು ಹೇಳುತ್ತಾರೆ. ಇಷ್ಟೆಲ್ಲ ಹುಡುಕಿದ ಮೇಲೂ ಗಣನೀಯ ಪ್ರಮಾಣದ ರೋಗಿಗಳಲ್ಲಿ ಕಾರಣ ಸಿಗುವುದಿಲ್ಲ. ಅದು ವೈದ್ಯರ ಸೋಲಲ್ಲ. ಸಿಗಲೇಬೇಕೆಂದು ಎಲ್ಲರಿಗೂ ಇಪ್ಪತ್ತು ರಕ್ತಪರೀಕ್ಷೆ ಬರೆದರೆ ಜೇಬು ಖಾಲಿಯಾಗುತ್ತದೆ, ಸುಳ್ಳು ಪಾಸಿಟಿವ್‌ಗಳು ಹೆಚ್ಚುತ್ತವೆ. ರೋಗಿಯ ಕಥೆ ಮತ್ತು ಕಣ್ಣಿನ ಚಿತ್ರ ಯಾವ ಕಡೆ ತಿರುಗಿವೆಯೋ ಆ ಕಡೆಯ ಪರೀಕ್ಷೆಗಳನ್ನಷ್ಟೇ ಮಾಡಿಸುವುದು ಸರಿಯಾದ ಕ್ರಮ.

ಚಿಕಿತ್ಸೆಯ ಮೊದಲ ಮೆಟ್ಟಿಲು ಉರಿಯೂತವನ್ನು ಅದುಮುವ ಸ್ಟೀರಾಯ್ಡ್ ಡ್ರಾಪ್ಸ್. ಮುಂಭಾಗದ ಉರಿಯೂತ ತೀವ್ರವಾಗಿದ್ದರೆ ಪ್ರೆಡ್ನಿಸೊಲೋನ್ ಹನಿಯನ್ನು ಗಂಟೆಗೊಮ್ಮೆ ಹಾಕಲು ಹೇಳುತ್ತಾರೆ. ಇದರ ಬಾಟಲಿಯನ್ನು ಪ್ರತಿ ಸಲ ಚೆನ್ನಾಗಿ ಕುಲುಕಬೇಕು, ಏಕೆಂದರೆ ಔಷಧ ಕರಗಿರುವುದಿಲ್ಲ, ಪುಡಿಯಾಗಿ ತಳದಲ್ಲಿ ಕೂತಿರುತ್ತದೆ. ಕುಲುಕದೆ ಹಾಕಿದವರು ಮೊದಲ ವಾರವೆಲ್ಲ ಬರಿಯ ನೀರನ್ನು ಹಾಕಿಕೊಂಡಂತೆ. ಜೊತೆಗೆ ಪಾಪೆಯನ್ನು ಅಗಲಿಸುವ ಹೊಮಾಟ್ರೋಪಿನ್ ಅಥವಾ ಅಟ್ರೋಪಿನ್ ಹನಿ ಕೊಡುತ್ತಾರೆ. ಇದರಿಂದ ಓದಲು ಆಗುವುದಿಲ್ಲ, ಬಿಸಿಲು ಚುಚ್ಚುತ್ತದೆ ಎಂದು ಎಷ್ಟೋ ಜನ ಎರಡೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಉರಿಯೂತದಲ್ಲಿ ಐರಿಸ್ ಹಿಂದಿರುವ ಮಸೂರಕ್ಕೆ ಅಂಟಿಕೊಳ್ಳುತ್ತದೆ, ಒಮ್ಮೆ ಗಟ್ಟಿಯಾಗಿ ಅಂಟಿದರೆ ಪಾಪೆ ಸೊಟ್ಟಗಾಗಿ, ದ್ರವದ ದಾರಿ ಕಟ್ಟಿ, ಕಣ್ಣಿನ ಒತ್ತಡ ಏರುತ್ತದೆ. ಆ ಹನಿ ಇರುವುದು ಅಂಟಿಕೊಳ್ಳದಂತೆ ತಡೆಯಲು. ನೋವು ಹೋದ ಕೂಡಲೇ ಸ್ಟೀರಾಯ್ಡ್ ನಿಲ್ಲಿಸಿದರೂ ಕಾಯಿಲೆ ಮರುಕಳಿಸುತ್ತದೆ, ಕಣಗಳ ಎಣಿಕೆ ನೋಡಿಕೊಂಡು ವಾರಗಳ ಅವಧಿಯಲ್ಲಿ ಇಳಿಸಬೇಕು.

ಇದೇ ಸ್ಟೀರಾಯ್ಡ್ ಕೌಂಟರಿನಲ್ಲಿ ಕೇಳಿ ತಂದಾಗ ಏನಾಗುತ್ತದೆ? ಕಬ್ಬಿನ ಗರಿ ತಾಗಿಯೋ ಭತ್ತದ ಹೊಟ್ಟು ಸಿಡಿದೋ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿರುವ ಪಾರದರ್ಶಕ ಪದರಕ್ಕೆ, ಗೀರಾದವರಲ್ಲಿ ಶಿಲೀಂಧ್ರದ ಹುಣ್ಣು ಏಳಬಹುದು. ಮೇಲ್ನೋಟಕ್ಕೆ ಅದೂ ಒಂದು ಕೆಂಪು ಕಣ್ಣೇ. ಅದಕ್ಕೆ ಸ್ಟೀರಾಯ್ಡ್ ಬಿದ್ದರೆ ನೋವೂ ಕೆಂಪೂ ಒಂದೆರಡು ದಿನ ತಗ್ಗಿದಂತೆ ಕಂಡು, ಶಿಲೀಂಧ್ರ ಒಳಕ್ಕೆ ಇಳಿದು ಕಾರ್ನಿಯಾ ತೂತಾಗುವವರೆಗೆ ಹೋಗಬಹುದು. ಹರ್ಪಿಸ್ ಹುಣ್ಣಿನದೂ ಅದೇ ಕಥೆ. ನಿಜವಾದ ಯುವಿಯೈಟಿಸ್ ಆಗಿದ್ದರೆ ಅರೆಬರೆ ಚಿಕಿತ್ಸೆಯಾಗಿ, ಕೆಂಪು ಇಳಿದು, ಒಳಗಿನ ಬೆಂಕಿ ಬೂದಿ ಮುಚ್ಚಿಕೊಂಡು ಉಳಿಯುತ್ತದೆ. ಜೊತೆಗೆ ವಾರಗಟ್ಟಲೆ ಸ್ಟೀರಾಯ್ಡ್ ಹಾಕಿದ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಏರುತ್ತದೆ, ವರ್ಷಗಟ್ಟಲೆ ಹಾಕಿದರೆ ಪೊರೆ ಬರುತ್ತದೆ. ಒತ್ತಡ ಏರಿದ್ದು ರೋಗಿಗೆ ಗೊತ್ತಾಗುವುದಿಲ್ಲ, ಅಳೆದರೆ ಮಾತ್ರ ತಿಳಿಯುತ್ತದೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ. ಹಳೆಯ ಚೀಟಿಯನ್ನೋ ಖಾಲಿ ಬಾಟಲಿಯನ್ನೋ ತೋರಿಸಿ ಕೊಂಡುಕೊಳ್ಳುವ ರೂಢಿಯನ್ನು ಕೊಡುವವರೂ ಕೇಳುವವರೂ ತಪ್ಪೆಂದು ಭಾವಿಸಿಯೇ ಇಲ್ಲ ಎಂಬುದು ನನಗೆ ಕಾಯಿಲೆಗಿಂತ ದೊಡ್ಡ ತೊಡಕಾಗಿ ಕಾಣುತ್ತದೆ.

ಉರಿಯೂತ ಕಣ್ಣಿನ ಹಿಂಭಾಗದಲ್ಲಿದ್ದರೆ ಹನಿ ಅಲ್ಲಿಗೆ ತಲುಪುವುದಿಲ್ಲ. ಕಣ್ಣಿನ ಪಕ್ಕದಲ್ಲಿ ಅಥವಾ ಒಳಗೆ ಇಂಜೆಕ್ಷನ್, ಇಲ್ಲವೇ ಸ್ಟೀರಾಯ್ಡ್ ಮಾತ್ರೆ ಬೇಕು. ಮಾತ್ರೆ ತಿಂಗಳುಗಟ್ಟಲೆ ನಡೆದರೆ ಸಕ್ಕರೆ ಕಾಯಿಲೆ, ಮೂಳೆ ಸವೆತ, ಮುಖದ ಊತ ಬೆನ್ನಿಗೇ ಬರುತ್ತವೆ. ಆದ್ದರಿಂದ ಮರುಕಳಿಸುವ ಕಾಯಿಲೆಗೆ ಮೆಥೊಟ್ರೆಕ್ಸೇಟ್, ಮೈಕೋಫಿನೊಲೇಟ್, ಅಜಥಿಯೊಪ್ರಿನ್‌ನಂಥ ಔಷಧಗಳಿಗೆ ಬದಲಾಯಿಸುತ್ತಾರೆ. 2019ರಲ್ಲಿ ಪ್ರಕಟವಾದ, ಭಾರತದ ಆಸ್ಪತ್ರೆಗಳೂ ಪಾಲ್ಗೊಂಡಿದ್ದ, 216 ರೋಗಿಗಳ ಅಧ್ಯಯನವೊಂದು ಮೊದಲ ಎರಡನ್ನು ಹೋಲಿಸಿ ನೋಡಿದಾಗ ದುಬಾರಿಯಾದ ಮೈಕೋಫಿನೊಲೇಟ್ ಅಗ್ಗದ ಮೆಥೊಟ್ರೆಕ್ಸೇಟ್‌ಗಿಂತ ಮೇಲೆಂದು ಸಾಬೀತಾಗಲಿಲ್ಲ. ಇಲ್ಲಿಯ ರೋಗಿಗಳಿಗೆ ಇದು ಸಣ್ಣ ಸುದ್ದಿಯಲ್ಲ. ಆದರೆ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ ನುಂಗಬೇಕಾದದ್ದು. ದಿನವೂ ನುಂಗಿ ಪ್ರಾಣಕ್ಕೆ ಕುತ್ತು ತಂದುಕೊಂಡವರಿದ್ದಾರೆ. ಯಾವ ವಾರದ ದಿನ ಎಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆಸಿಕೊಳ್ಳಬೇಕು, ಪಿತ್ತಜನಕಾಂಗದ ಹಾಗೂ ರಕ್ತದ ಪರೀಕ್ಷೆಯನ್ನು ಹೇಳಿದ ಅವಧಿಗೆ ಮಾಡಿಸಬೇಕು, ಮದ್ಯ ಬಿಡಬೇಕು, ಗರ್ಭಿಣಿಯರು ತೆಗೆದುಕೊಳ್ಳಲೇಬಾರದು. ಇದಕ್ಕೂ ಬಗ್ಗದವರಿಗೆ ಅಡಾಲಿಮುಮಾಬ್ ಎಂಬ ಇಂಜೆಕ್ಷನ್ ಇದೆ. ಅಮೆರಿಕದಲ್ಲಿ 2016ರಲ್ಲಿ ಯುವಿಯೈಟಿಸ್‌ಗೆ ಅನುಮತಿ ಪಡೆದ ಇದರ ದೇಶಿ ತಯಾರಿಕೆಗಳು ನಮ್ಮಲ್ಲೂ ಸಿಗುತ್ತವೆ. ಕೊಡುವ ಮೊದಲು ಕ್ಷಯದ ಪರೀಕ್ಷೆ ಕಡ್ಡಾಯ, ಏಕೆಂದರೆ ಅಡಗಿ ಕುಳಿತ ಕ್ಷಯವನ್ನು ಅದು ಎಬ್ಬಿಸಬಲ್ಲದು.

ಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಕೀಲುವಾತವಿರುವ ಮಕ್ಕಳಲ್ಲಿ, ಅದರಲ್ಲೂ ಚಿಕ್ಕ ಹೆಣ್ಣುಮಕ್ಕಳಲ್ಲಿ ಬರುವ ಯುವಿಯೈಟಿಸ್‌ಗೆ ಕೆಂಪೂ ಇಲ್ಲ, ನೋವೂ ಇಲ್ಲ. ಮಗು ಆಡಿಕೊಂಡೇ ಇರುತ್ತದೆ, ಒಳಗೆ ಪೊರೆ ಬೆಳೆಯುತ್ತಿರುತ್ತದೆ. ಮಂಡಿ ಊದಿಕೊಂಡಿದೆ ಎಂದು ಮೈಸೂರಿನ ದೊಡ್ಡಾಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಮಗುವನ್ನು ಕರೆದುಕೊಂಡು ಹೋದ ತಾಯಿ, ಕಣ್ಣಿನ ವಿಭಾಗಕ್ಕೂ ಒಂದು ಚೀಟಿ ಬರೆಸಿಕೊಂಡು ಬರಬೇಕು. ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪ್ ಪರೀಕ್ಷೆ ಆಗಬೇಕು.

ನಮ್ಮ ಸರ್ಕಾರಿ ವ್ಯವಸ್ಥೆ ಈ ಕಾಯಿಲೆಗೆಂದು ರೂಪುಗೊಂಡದ್ದಲ್ಲ. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಬಲ ಬಹುಪಾಲು ಹೋದದ್ದು ಪೊರೆಯ ಶಸ್ತ್ರಚಿಕಿತ್ಸೆಗೆ. ಅಂದಿನ ಅಗತ್ಯವೂ ಅದೇ ಆಗಿತ್ತು, ಅದರಿಂದ ಲಕ್ಷಾಂತರ ಜನರಿಗೆ ದೃಷ್ಟಿ ಮರಳಿದೆ. ಹಳ್ಳಿಯ ಶಿಬಿರದಲ್ಲಿ ಇಂದಿಗೂ ಮುಖ್ಯವಾಗಿ ಕೇಳುವುದು ಪೊರೆ ಬಂದಿದೆಯೇ ಎಂದು. ಮೂವತ್ತೈದರ ಗಂಡಸಿಗೆ, ಸಕ್ಕರೆ ಕಾಯಿಲೆಯಿಲ್ಲದೆ, ಪೆಟ್ಟು ಬೀಳದೆ, ಒಂದೇ ಕಣ್ಣಿಗೆ ಪೊರೆ ಬಂದಿದ್ದರೆ ಅದು ವಯಸ್ಸಿನ ಪೊರೆಯಲ್ಲ. ಬಹುಶಃ ಹಿಂದೆ ಎರಡು ಮೂರು ಸಲ ಆ ಕಣ್ಣು ಕೆಂಪಾಗಿತ್ತು, ಡ್ರಾಪ್ಸ್ ಹಾಕಿ ಇಳಿದಿತ್ತು. ಪಾಪೆ ದುಂಡಗಿದೆಯೇ ಸೊಟ್ಟಗಿದೆಯೇ ಎಂದು ಟಾರ್ಚ್ ಹಿಡಿದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಇಂಥವರನ್ನು ಆ ವಾರದ ಆಪರೇಷನ್ ಪಟ್ಟಿಗೆ ಸೇರಿಸಬಾರದು. ಉರಿಯೂತ ಕನಿಷ್ಠ ಮೂರು ತಿಂಗಳು ಪೂರ್ತಿ ಅಡಗಿರಬೇಕು, ಶಸ್ತ್ರಚಿಕಿತ್ಸೆಯ ಹಿಂದೆ ಮುಂದೆ ಸ್ಟೀರಾಯ್ಡ್ ರಕ್ಷಣೆ ಇರಬೇಕು. ಇಲ್ಲವಾದರೆ ಪೊರೆ ತೆಗೆದ ಕಣ್ಣಿನಲ್ಲಿ ಉರಿಯೂತ ಮತ್ತೆ ಕೆರಳಿ, ಅಕ್ಷಿಪಟಲದ ನಡುಭಾಗದಲ್ಲಿ ನೀರು ತುಂಬಿ, ಹಾಕಿದ ಹೊಸ ಮಸೂರದ ಹಿಂದೆಯೇ ದೃಷ್ಟಿ ಕುಂದುತ್ತದೆ.